ಮಳೆ ಹಿಡಿದಾಗಿನಿಂದ ದಾಸವಾಳದ ಮೊಗ್ಗು ಒಂದೂ ನಿಲ್ಲುತ್ತಿಲ್ಲ, ಏನು ಮಾಡಲಿ?

ಮಂಜಿನಮನೆ, ಮಡಿಕೇರಿ (ಆಗಸ್ಟ್ 6)

ಎಲ್ಲರಿಗೂ ನಮಸ್ಕಾರ. ತುಂಬಾ ಬೇಜಾರಾಗಿ ಬರೆಯುತ್ತಿದ್ದೇನೆ. ಮಾರ್ಚ್‌ನಲ್ಲಿ ಬೆಂಗಳೂರಿನ ಒಂದು ನರ್ಸರಿಯಿಂದ ಏಳು ದಾಸವಾಳದ ಗಿಡ ತಂದೆ. ಎಲ್ಲಾ ಹೈಬ್ರಿಡ್, ಅಂಗೈಗಿಂತ ದೊಡ್ಡ ಹೂವಿನವು. ಎರಡು ಹಳದಿ, ಒಂದು ಕಿತ್ತಳೆ, ಒಂದು ನೇರಳೆ, ಒಂದು ಬಿಳಿ, ಮತ್ತೆ ಎರಡು ಗುಲಾಬಿ ಬಣ್ಣದ ಡಬಲ್ ದಾಸವಾಳ. ಏಪ್ರಿಲ್, ಮೇ ತಿಂಗಳಲ್ಲಿ ಹೂವೋ ಹೂವು. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು.

ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಅಲ್ಲಿಂದ ಶುರು. ಮೊದಲು ಕೆಳಗಿನ ಎಲೆಗಳು ಹಳದಿಯಾಗಿ ಬಿದ್ದವು. ಆಮೇಲೆ ಮೊಗ್ಗು. ಕಡಲೆಕಾಯಿ ಗಾತ್ರಕ್ಕೆ ಬರುತ್ತದೆ, ತೊಟ್ಟು ಹಳದಿಯಾಗುತ್ತದೆ, ಮುಟ್ಟಿದರೆ ಕೈಗೆ ಬರುತ್ತದೆ. ನಿನ್ನೆ ಒಂದೇ ದಿನ ನೆಲದಿಂದ 23 ಮೊಗ್ಗು ಹೆಕ್ಕಿದೆ. ನೇರಳೆ ಗಿಡದ ಒಂದು ಕೊಂಬೆ ತುದಿಯಿಂದ ಕಪ್ಪಾಗಿ ಒಣಗುತ್ತಾ ಕೆಳಗೆ ಬರುತ್ತಿದೆ.

ಮನೆ ಹಿಂದೆ ಬೇಲಿಯಲ್ಲಿ ನಮ್ಮ ಅತ್ತೆ ಯಾವಾಗಲೋ ನೆಟ್ಟ ಕೆಂಪು ದಾಸವಾಳ ಇದೆ. ಅದಕ್ಕೆ ಯಾರೂ ಗೊಬ್ಬರ ಹಾಕಿಲ್ಲ, ನೀರು ಹಾಕಿಲ್ಲ. ಈ ಮಳೆಯಲ್ಲೂ ದಿನಕ್ಕೆ ನಾಲ್ಕೈದು ಹೂ ಬಿಡುತ್ತದೆ. ದೇವರಿಗೆ ಅದೇ ಗತಿ. ಅದೇ ಅಂಗಳ, ಅದೇ ಮಳೆ. ಅದಕ್ಕೆ ಏನೂ ಆಗದೆ ಇವಕ್ಕೆ ಮಾತ್ರ ಹೀಗೇಕೆ?

ಕಾಫಿತೋಟ, ನಾಪೋಕ್ಲು

ಬೇರು ಕೊಳೆಯುತ್ತಿದೆ. ಕುಂಡದಲ್ಲಿದೆಯಾ ನೆಲದಲ್ಲಾ?

ಮಂಜಿನಮನೆ

ಐದು ಕುಂಡದಲ್ಲಿ, ಎರಡು ನೆಲದಲ್ಲಿ ಅಣ್ಣ. ಕುಂಡ ಪ್ಲಾಸ್ಟಿಕ್‌ದು, ಸಿಟ್‌ಔಟ್ ಗಲೀಜಾಗಬಾರದು ಅಂತ ಕೆಳಗೆ ತಟ್ಟೆ ಇಟ್ಟಿದ್ದೇನೆ. ಸಗಣಿ ಗೊಬ್ಬರ ಹಾಕಿದ್ದೇನೆ. ತಿಂಗಳಿಗೊಮ್ಮೆ ಒಂದೊಂದು ಚಮಚ ಡಿಎಪಿ ರಾಸಾಯನಿಕ ಗೊಬ್ಬರ.

ಟೆರೇಸ್ ಗಾರ್ಡನ್, ಕುಶಾಲನಗರ

ಅಕ್ಕ, ಇದನ್ನು ಓದಿದ ತಕ್ಷಣ ಎದ್ದು ಹೋಗಿ ಆ ತಟ್ಟೆಗಳನ್ನು ತೆಗೆಯಿರಿ. ಉಳಿದದ್ದು ಆಮೇಲೆ ಮಾತಾಡೋಣ.

ತೆಗೆದಿರಾ? ಈಗ ಒಂದು ಗಿಡವನ್ನು ಕುಂಡದಿಂದ ಮೆಲ್ಲಗೆ ಹೊರಗೆ ಎಳೆದು ನೋಡಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಬದುಕುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಜಾರಿ ಬಂದರೆ ಕೊಳೆತಿದೆ ಅಂತ ಅರ್ಥ. ಇನ್ನೊಂದು ಮಾತು. ನರ್ಸರಿಯವರು ಎಷ್ಟೋ ಸಲ ಬರೀ ತೆಂಗಿನ ನಾರಿನ ಪುಡಿಯಲ್ಲೇ ಗಿಡ ಬೆಳೆಸಿರುತ್ತಾರೆ. ಒಣ ಊರಿಗೆ ಅದು ಒಳ್ಳೆಯದು. ನಮ್ಮಲ್ಲಿ ಅದು ಸ್ಪಂಜಿನ ಹಾಗೆ ನೀರು ಹಿಡಿದುಕೊಂಡು ಕೂರುತ್ತದೆ. ನೀವು ಆ ಉಂಡೆಯನ್ನು ಹಾಗೇ ಮಣ್ಣಿಗೆ ಇಟ್ಟಿದ್ದರೆ ಸುತ್ತಲಿನ ಮಣ್ಣು ಆರಿದರೂ ನಡುವಿನ ಉಂಡೆ ಆರುವುದಿಲ್ಲ.

ಮಂಜಿನಮನೆ

ತೆಗೆದೆ. ಎಲ್ಲಾ ತಟ್ಟೆಯಲ್ಲೂ ನೀರು ನಿಂತಿತ್ತು. ಬಿಳಿ ದಾಸವಾಳ ಎಳೆದು ನೋಡಿದೆ. ನೀವು ಹೇಳಿದ ಹಾಗೆ ನಡುವೆ ನಾರಿನ ಉಂಡೆ, ಹಿಂಡಿದರೆ ನೀರು ಬರುತ್ತದೆ. ಅರ್ಧ ಬೇರು ಕಂದು. ಅಯ್ಯೋ, ನಾನೇ ಸಾಯಿಸುತ್ತಿದ್ದೆನಾ?

ಬೇಲಿಹೂ, ಪೊನ್ನಂಪೇಟೆ

ಹಾಗೆಲ್ಲಾ ಅಂದುಕೊಳ್ಳಬೇಡಮ್ಮ. ಅರ್ಧ ಬೇರು ಬೆಳ್ಳಗಿದೆ ಅಂದೆಯಲ್ಲ, ಅದೇ ಸಾಕು. ಕೊಳೆತದ್ದನ್ನು ಕತ್ತರಿಸಿ ತೆಗಿ. ನಾರನ್ನು ಆದಷ್ಟು ಬಿಡಿಸು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಹಾಕಿ ಮತ್ತೆ ಕೂರಿಸು. ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸು. ಆಮೇಲೆ ಸೂರಿನ ಕೆಳಗೆ, ಬೆಳಕು ಬರುವ ಕಡೆ ಎಳೆದಿಡು.

ಇರುವ ಮೊಗ್ಗನ್ನೆಲ್ಲಾ ಚಿವುಟಿ ಹಾಕು. ಸಂಕಟ ಆಗುತ್ತದೆ, ಆದರೂ ಮಾಡು. ದಾಸವಾಳಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮಡಿಕೇರಿಯಲ್ಲಿ ಜುಲೈ, ಆಗಸ್ಟ್‌ನಲ್ಲಿ ಐದು ಗಂಟೆ ಬಿಸಿಲು ಎಲ್ಲಿಂದ ತರುತ್ತೀಯ? ಬೆಳಕಿಲ್ಲ, ಬೇರಿಗೆ ಉಸಿರಿಲ್ಲ. ಅಂಥ ಗಿಡ ಮೊಗ್ಗನ್ನು ತಾನೇ ಬಿಟ್ಟುಬಿಡುತ್ತದೆ. ಈ ಎರಡು ತಿಂಗಳು ಹೂವಿನ ಆಸೆ ಬಿಟ್ಟು ಬೇರು ಉಳಿಸಿಕೊಳ್ಳಬೇಕು. ಕೊಡಗಿನಲ್ಲಿ ಹೈಬ್ರಿಡ್ ದಾಸವಾಳ ಸಾಕುವುದು ಅಂದರೆ ಇಷ್ಟೇ. ಮಳೆಗಾಲದಲ್ಲಿ ಗಿಡ ಉಳಿಸು, ಬೇಸಿಗೆಯಲ್ಲಿ ಹೂ ನೋಡು.

ಡಿಎಪಿ ನಿಲ್ಲಿಸು. ಅದರಲ್ಲಿ ರಂಜಕ ಜಾಸ್ತಿ, ದಾಸವಾಳಕ್ಕೆ ಜಾಸ್ತಿ ರಂಜಕ ಆಗಿಬರುವುದಿಲ್ಲ. ಅದು ಕೇಳುವುದು ಪೊಟ್ಯಾಷ್. ಒಲೆ ಬೂದಿ ಇದ್ದರೆ ಮಳೆ ಬಿಟ್ಟ ಮೇಲೆ ಒಂದು ಹಿಡಿ ಹಾಕು.

ಕಾಫಿತೋಟ, ನಾಪೋಕ್ಲು

ಬೂದಿ ಸರಿ, ಆದರೆ ಸಾಲದು. ನಮ್ಮ ಮಣ್ಣೇ ಹುಳಿ ಮಣ್ಣು. ಇಷ್ಟು ಮಳೆಗೆ ಸುಣ್ಣದ ಅಂಶ ಎಲ್ಲಾ ತೊಳೆದುಹೋಗುತ್ತದೆ. ತೋಟಕ್ಕೆ ಸುಣ್ಣ ಹಾಕುವುದು ಸುಮ್ನೆ ಅಲ್ಲ. ದಾಸವಾಳಕ್ಕೂ ಬುಡಕ್ಕೆ ಅರ್ಧ ಕೆ.ಜಿ. ಸುಣ್ಣ ಹಾಕಿ, ಎಲೆ ಹಸಿರಾಗುತ್ತದೆ.

ಟೆರೇಸ್ ಗಾರ್ಡನ್, ಕುಶಾಲನಗರ

ಅಣ್ಣ, ಕುಂಡಕ್ಕೆ ಅರ್ಧ ಕೆ.ಜಿ. ಸುಣ್ಣ ಹಾಕಿದರೆ ಗಿಡ ಸುಟ್ಟುಹೋಗುತ್ತದೆ! ಕಾಫಿ ತೋಟದ ಲೆಕ್ಕ ಬೇರೆ, 12 ಇಂಚಿನ ಕುಂಡದ ಲೆಕ್ಕ ಬೇರೆ. ದಾಸವಾಳಕ್ಕೆ ಸ್ವಲ್ಪ ಹುಳಿ ಮಣ್ಣೇ ಇಷ್ಟ. ಪಿಎಚ್ (ಮಣ್ಣಿನ ಹುಳಿಯ ಅಳತೆ) ಆರರಿಂದ ಆರೂವರೆ ಇದ್ದರೆ ಚೆನ್ನ. ಸುಣ್ಣ ಜಾಸ್ತಿಯಾದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ನೀರು ಜಾಸ್ತಿಯಾಗಿ ಬರುವ ಹಳದಿ ಮೊದಲು ಹಳೆ ಎಲೆಯಲ್ಲಿ ಕಾಣುತ್ತದೆ. ಅಕ್ಕ ಹೇಳಿದ್ದು ಕೆಳಗಿನ ಎಲೆ. ಹಾಗಾಗಿ ಇದು ನೀರಿನದ್ದೇ ತೊಂದರೆ.

ಕಾಫಿತೋಟ, ನಾಪೋಕ್ಲು

ಕುಂಡಕ್ಕೆ ಬೇಡ, ಒಪ್ಪಿದೆ. ನಾನು ನೆಲದ ಗಿಡದ ಲೆಕ್ಕ ಹೇಳಿದ್ದು. ಅದಕ್ಕೂ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕುವುದು ಒಳ್ಳೆಯದು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.

ಹಿತ್ತಲು, ವಿರಾಜಪೇಟೆ

ಎಲ್ಲರೂ ಬೇರಿನ ಹಿಂದೆ ಬಿದ್ದಿದ್ದೀರಿ. ಉದುರಿದ ಮೊಗ್ಗನ್ನು ಯಾರಾದರೂ ಬಿಡಿಸಿ ನೋಡಿದ್ದೀರಾ? ಡಬಲ್ ಗುಲಾಬಿ ಅಂದಿದ್ದಾರೆ, ನನಗೆ ಅಲ್ಲೇ ಅನುಮಾನ. ಡಬಲ್ ಹೂವಿನವು ಮೊದಲೇ ಮೊಗ್ಗು ಉದುರಿಸುವ ಜಾತಿ. ಜೊತೆಗೆ ಒಂದು ಸಣ್ಣ ನೊಣ ಮೊಗ್ಗಿನ ತುದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಹುಳ ಒಳಗೇ ತಿಂದು ಬೆಳೆಯುತ್ತದೆ. ಮೊಗ್ಗು ಬಿದ್ದ ಮೇಲೆ ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ. ಸುಮಾರು ಮೂರು ವಾರದಲ್ಲಿ ಮತ್ತೆ ನೊಣ.

ಮೊಗ್ಗನ್ನು ಬಿಳಿ ಕಾಗದದ ಮೇಲೆ ಇಟ್ಟು ಬ್ಲೇಡಿನಿಂದ ಸೀಳಿ. ನುಚ್ಚಕ್ಕಿಗಿಂತ ಸಣ್ಣ ಬಿಳಿ, ಹಳದಿ ಹುಳ ಕಂಡರೆ, ಅದು ಚಿಮ್ಮಿ ಹಾರಿದರೆ, ಅದೇ.

ಮಂಜಿನಮನೆ (ಆಗಸ್ಟ್ 7)

ಇವತ್ತು ಬೆಳಿಗ್ಗೆ ಎಲ್ಲಾ ಗಿಡದ ಮೊಗ್ಗನ್ನೂ ಸೀಳಿದೆ. ಹಳದಿ, ಕಿತ್ತಳೆ, ಬಿಳಿ ಇವುಗಳಲ್ಲಿ ಏನೂ ಇಲ್ಲ. ಗುಲಾಬಿ ಡಬಲ್ ಎರಡರಲ್ಲೂ ಹುಳ! ಒಂದು ಮೊಗ್ಗಿನಲ್ಲಿ ಒಂಬತ್ತು ಎಣಿಸಿದೆ. ಚಿಮ್ಮಿದ್ದನ್ನು ಕಣ್ಣಾರೆ ನೋಡಿದೆ. ಅಂದರೆ ನನ್ನ ಅಂಗಳದಲ್ಲಿ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಇದೆ.

ಈಗ ಯಾವ ಔಷಧಿ ಹೊಡೆಯಲಿ?

ಹಿತ್ತಲು, ವಿರಾಜಪೇಟೆ

ಔಷಧಿ ಬೇಡ. ಹುಳ ಮೊಗ್ಗಿನ ಒಳಗಿದೆ, ಮೇಲೆ ಹೊಡೆದರೆ ತಾಗುವುದಿಲ್ಲ. ಮಳೆಯಲ್ಲಿ ಹೊಡೆದದ್ದು ಅರ್ಧ ಗಂಟೆ ನಿಲ್ಲುವುದೂ ಇಲ್ಲ. ದಿನಾ ಬೆಳಿಗ್ಗೆ ಬಿದ್ದ ಮೊಗ್ಗು, ಹಳದಿಯಾದ ಮೊಗ್ಗು ಎಲ್ಲಾ ಹೆಕ್ಕಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಒಲೆ ಇದ್ದರೆ ಒಲೆಗೆ ಹಾಕಿ. ಒಂದೂವರೆ ತಿಂಗಳು ಬಿಡದೆ ಮಾಡಿದರೆ ಸಂತತಿ ಮುರಿಯುತ್ತದೆ. ಮಲ್ಲಿಗೆ ಇದೆಯಾ ಮನೆಯಲ್ಲಿ? ಅದರ ಮೊಗ್ಗನ್ನೂ ನೋಡಿ, ಈ ನೊಣ ಅದಕ್ಕೂ ಬರುತ್ತದೆ.

ಗದ್ದೆಬದಿ, ಶ್ರೀಮಂಗಲ

ನೊಣ ಬಿಡಿ, ನಮ್ಮಲ್ಲಿ ಮುಸುವಗಳ ಹಿಂಡು ಬಂದರೆ ಒಂದು ಮೊಗ್ಗೂ ಉಳಿಯುವುದಿಲ್ಲ. ಎಲೆ, ಮೊಗ್ಗು, ಹೂ ಎಲ್ಲಾ ತಿನ್ನುತ್ತವೆ. ಮೀನಿನ ಬಲೆ ಹೊದೆಸಿದ್ದೇನೆ.

ಶನಿವಾರಸಂತೆ 571235

ನಮ್ಮ ಕಡೆ ಆಫ್ರಿಕನ್ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೋದರೆ ಗಿಡದ ತುಂಬಾ. ಎಳೆ ಚಿಗುರು ಬೆಳಗಾಗುವಷ್ಟರಲ್ಲಿ ಖಾಲಿ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಅಲ್ಲಿ ಸೇರುತ್ತವೆ, ಬೆಳಿಗ್ಗೆ ಹೆಕ್ಕಿ ಉಪ್ಪು ನೀರಿಗೆ ಹಾಕುವುದು. ಬರಿಗೈಯಲ್ಲಿ ಮುಟ್ಟಬೇಡಿ, ಅದರ ಲೋಳೆಯಲ್ಲಿ ರೋಗ ತರುವ ಸಣ್ಣ ಜಂತು ಇರಬಹುದು. ಮಕ್ಕಳಿಗೂ ಹೇಳಿ.

ಹೊಸಚಿಗುರು, ಸೋಮವಾರಪೇಟೆ

ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಕೆಂಪು ದಾಸವಾಳದ ಮೊಗ್ಗು ಉದುರುವುದಿಲ್ಲ, ಆದರೆ ಅರಳುವುದೇ ಇಲ್ಲ. ಎರಡು ವರ್ಷದಿಂದ ಕಾಯುತ್ತಿದ್ದೇನೆ. ಉದ್ದಕ್ಕೆ ಸುತ್ತಿಕೊಂಡ ಹಾಗೇ ಇರುತ್ತದೆ, ಕೆಳಗೆ ಜೋತಾಡುತ್ತದೆ. ಗೊಬ್ಬರ ಬದಲಾಯಿಸಿದೆ, ಜಾಗ ಬದಲಾಯಿಸಿದೆ.

ಬೇಲಿಹೂ, ಪೊನ್ನಂಪೇಟೆ

ಅದು ಅರಳುವ ಜಾತಿಯೇ ಅಲ್ಲಮ್ಮ! ಮೆಣಸಿನ ದಾಸವಾಳ ಅದು. ದಾಸವಾಳದ ನೆಂಟ, ಆದರೆ ಬೇರೆ ಗಿಡ. ಮೆಕ್ಸಿಕೋ ಕಡೆಯಿಂದ ಬಂದದ್ದು. ಹೂ ಹಾಗೇ ಮುಚ್ಚಿಕೊಂಡೇ ಇರುತ್ತದೆ, ನಡುವಿನ ದಂಟು ಮಾತ್ರ ಹೊರಗೆ ಬರುತ್ತದೆ. ಸೂರಕ್ಕಿಗಳಿಗೆ ಅದು ಅಂದರೆ ಪ್ರಾಣ. ನಿನ್ನ ಗಿಡಕ್ಕೆ ಯಾವ ಕಾಯಿಲೆಯೂ ಇಲ್ಲ.

ಹೊಸಚಿಗುರು, ಸೋಮವಾರಪೇಟೆ

ಹೌದಾ! ಸೂರಕ್ಕಿ ದಿನಾ ಬರುತ್ತದೆ. ಇನ್ನು ಅದನ್ನು ಜಾಗದಿಂದ ಜಾಗಕ್ಕೆ ಎಳೆದಾಡುವುದಿಲ್ಲ.

ಹಳೆಮನೆ, ಭಾಗಮಂಡಲ

ಜಾತಿ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ನಮ್ಮಲ್ಲಿ ಮಡಿಕೇರಿಗಿಂತಲೂ ಜಾಸ್ತಿ ಮಳೆ. ಇಲ್ಲಿ ಮೂರು ದಾಸವಾಳ ಮಾತ್ರ ನೆಮ್ಮದಿಯಾಗಿವೆ. ಒಂದು ನಾಟಿ ಕೆಂಪು, ಐದೆಸಳಿನದು. ಇನ್ನೊಂದು ಜುಮುಕಿ ದಾಸವಾಳ. ಅದರ ಮೂಲ ಆಫ್ರಿಕಾದ ಪೂರ್ವ ಕರಾವಳಿ. ಹೂ ತಲೆಕೆಳಗಾಗಿ ತೂಗುವುದರಿಂದ ಒಳಗೆ ನೀರು ನಿಲ್ಲುವುದಿಲ್ಲ. ಮೂರನೆಯದು ಬೆಳಿಗ್ಗೆ ಬಿಳಿಯಾಗಿ ಅರಳಿ ಸಂಜೆಗೆ ಗುಲಾಬಿ ಆಗುವುದು, ಬೆಟ್ಟದಾವರೆ ಅನ್ನುತ್ತಾರಲ್ಲ, ಅದು. ಅದೂ ಬೇರೆ ಜಾತಿಯೇ. ಮಳೆ ಕಳೆದ ಮೇಲೆ ಮರ ತುಂಬಾ ಹೂ.

ಟೆರೇಸ್ ಗಾರ್ಡನ್, ಕುಶಾಲನಗರ

ಅದಕ್ಕೇ ನಾನು ಹೇಳುವುದು, ಕೊಡಗು ಅಂತ ಒಂದೇ ಲೆಕ್ಕ ಹಾಕಬಾರದು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ. ಸುಮಾರು 30 ಕಿ.ಮೀ. ಇಳಿದು ನಮ್ಮ ಕುಶಾಲನಗರಕ್ಕೆ ಬಂದರೆ ಅದರ ಅರ್ಧವೂ ಇಲ್ಲ. ನನ್ನ ಹೈಬ್ರಿಡ್‌ಗಳು ಟೆರೇಸ್ ಮೇಲೆ ಈಗಲೂ ಹೂ ಬಿಡುತ್ತಿವೆ.

ಕಾಫಿತೋಟ, ನಾಪೋಕ್ಲು

ಮೊನ್ನೆ ಕಕ್ಕಡ 18, ಕೊಡವ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ಕುಡಿದಿರಾ ಎಲ್ಲರೂ? ಅದರ ಕಡ್ಡಿ ಚುಚ್ಚಿದ ಕಡೆ ಬೇರು ಬಿಡುತ್ತದೆ. ಈ ಮಳೆಯಲ್ಲಿ ಅದಕ್ಕಿಂತ ಸುಲಭದ ಗಿಡ ಇಲ್ಲ.

ಬೇಲಿಹೂ, ಪೊನ್ನಂಪೇಟೆ

ಮಾಡಿದೆವು. ಮೊಮ್ಮಕ್ಕಳಿಗೆ ಆ ನೇರಳೆ ಬಣ್ಣವೇ ಆಶ್ಚರ್ಯ. ಹಸಿರು ಸೊಪ್ಪು ಕುದಿಸಿದರೆ ನೀರು ಇಂಥ ಬಣ್ಣ ಆಗುತ್ತದಾ ಅಂತ ಕೇಳುತ್ತಿದ್ದರು. ಇನ್ನು ಕೈಲ್‌ಪೊಳ್ದ್‌ಗೆ, ಅದೇ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ತೋಕ್‌ಪೂ (ಅಗ್ನಿಶಿಖೆ ಹೂ) ಹುಡುಕಬೇಕು. ಮೊದಲು ಬೇಲಿ ಬೇಲಿಯಲ್ಲೂ ಸಿಗುತ್ತಿತ್ತು, ಈಗ ಕೋವಿಗೆ ಸಿಕ್ಕಿಸಲು ಒಂದು ಹೂ ಬೇಕು ಅಂದರೂ ಅಲೆಯಬೇಕು. ಗೆಡ್ಡೆ ಇದ್ದವರು ದಯವಿಟ್ಟು ಕಿತ್ತು ಬಿಸಾಡಬೇಡಿ. ವಿಷದ ಗೆಡ್ಡೆ, ಹೌದು. ಮಕ್ಕಳ ಕೈಗೆ ಸಿಗದ ಕಡೆ ಬೇಲಿಯಲ್ಲಿ ಇರಲಿ ಬಿಡಿ.

ಮಂಜಿನಮನೆ

ತೋಕ್‌ಪೂ ನಮ್ಮ ಬೇಲಿಯಲ್ಲಿದೆ ಅಕ್ಕ, ಬೀಜ ಇಟ್ಟು ಕೊಡುತ್ತೇನೆ. ನೇರಳೆ ಗಿಡದ ಕೊಂಬೆ ಇನ್ನೂ ಒಣಗುತ್ತಿದೆ. ಕತ್ತರಿಸಲಾ? ಮೈಸೂರಿನ ನನ್ನ ತಂಗಿ ಮಳೆಗಾಲದಲ್ಲೇ ಎಲ್ಲಾ ದಾಸವಾಳವನ್ನೂ ಅರ್ಧಕ್ಕೆ ಸವರುತ್ತಾಳೆ, ಚೆನ್ನಾಗಿ ಚಿಗುರುತ್ತದೆ ಅನ್ನುತ್ತಾಳೆ.

ಹಳೆಮನೆ, ಭಾಗಮಂಡಲ

ಮೈಸೂರಿನ ಮಳೆ ನೋಡಿ ಇಲ್ಲಿ ಕತ್ತರಿ ಹಿಡಿಯಬೇಡಿ. ಒಣಗುತ್ತಿರುವ ಆ ಒಂದು ಕೊಂಬೆಯನ್ನು ಮಾತ್ರ ತೆಗೆಯಿರಿ, ಒಳಗೆ ಬೆಳ್ಳಗೆ ಹಸಿ ಮರ ಕಾಣುವವರೆಗೆ. ಮಳೆ ಸ್ವಲ್ಪ ಬಿಟ್ಟ ದಿನ ನೋಡಿ ಕತ್ತರಿಸಿ. ಚಾಕುವನ್ನು ಮೊದಲು ಬೆಂಕಿಗೆ ಹಿಡಿಯಿರಿ. ಗಾಯಕ್ಕೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಹಚ್ಚಿ. ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಮಾಡುವವರ ಮನೆಯಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ಇದ್ದೇ ಇರುತ್ತದೆ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ಸೇರಿಸಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಮಾತ್ರ, ಕಬ್ಬಿಣ ಬೇಡ.

ಇಡೀ ಗಿಡ ಸವರುವುದು ಫೆಬ್ರವರಿ ಕೊನೆಗೆ. ಚಳಿ ಮುಗಿದಿರುತ್ತದೆ, ಕಾಫಿ ಅರಳಿಸುವ ಹೂ ಮಳೆ ಬೀಳುವ ಹೊತ್ತು. ಕಾಫಿ ಅರಳುವಾಗ ದಾಸವಾಳ ಚಿಗುರಿದರೆ ಏಪ್ರಿಲ್‌ಗೆ ಹೂ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲೇ.

ಹಿತ್ತಲು, ವಿರಾಜಪೇಟೆ

ನಾನು ಅಕ್ಟೋಬರ್‌ನಲ್ಲಿ ಸವರುತ್ತೇನೆ, ಏನೂ ಆಗಿಲ್ಲ.

ಹಳೆಮನೆ, ಭಾಗಮಂಡಲ

ವಿರಾಜಪೇಟೆಯಲ್ಲಿ ಆಗಬಹುದು. ಎತ್ತರದ ಜಾಗದಲ್ಲಿ ಅಕ್ಟೋಬರ್‌ನ ಚಿಗುರು ಡಿಸೆಂಬರ್ ಚಳಿಗೆ ಸಿಕ್ಕಿ ಮುರುಟಿಕೊಳ್ಳುತ್ತದೆ. ನಾನು ಎರಡು ವರ್ಷ ಹಾಗೆ ಮಾಡಿ ಗಿಡ ಕಳೆದುಕೊಂಡಿದ್ದೇನೆ.

ಮಂಜಿನಮನೆ (ಸೆಪ್ಟೆಂಬರ್ 20)

ಸ್ವಲ್ಪ ದಿನ ಇಲ್ಲಿಗೆ ಬರಲು ಆಗಲಿಲ್ಲ. ನೇರಳೆ ಗಿಡ ಹೋಯಿತು. ನೆಲದಲ್ಲಿದ್ದ ಕಿತ್ತಳೆಯೂ ಹೋಗುವ ಹಾಗಿದೆ, ಕಾಂಡದ ಬುಡ ಮೆತ್ತಗಾಗಿದೆ, ತುದಿ ಮಾತ್ರ ಹಸಿರು. ಉಳಿದ ಐದು ಬದುಕಿವೆ. ಮೊಗ್ಗು ದಿನಾ ಹೆಕ್ಕುತ್ತಿದ್ದೇನೆ, ಈಗ ಸೀಳಿದರೆ ಹುಳ ಅಪರೂಪ. ಹೊಸದಾಗಿ ಬಿಳಿ ಗಿಡದ ಚಿಗುರಿನ ಮೇಲೆ ಹತ್ತಿಯ ಹಾಗೆ ಏನೋ ಬಂದಿದೆ, ಇರುವೆಯೂ ಇದೆ. ಬ್ರಷ್‌ನಿಂದ ಉಜ್ಜಿ ತೊಳೆಯುತ್ತಿದ್ದೇನೆ.

ಕಾಫಿತೋಟ, ನಾಪೋಕ್ಲು

ಹಿಟ್ಟು ತಿಗಣೆ ಅದು. ಕಾಫಿಗೂ ಬರುತ್ತದೆ. ಮೊದಲು ಇರುವೆ ದಾರಿ ತಪ್ಪಿಸಿ, ಇರುವೆಯೇ ಅದನ್ನು ಕಾಯುವುದು. ಆದರೆ ಉಜ್ಜುವ ಮೊದಲು ಸರಿಯಾಗಿ ನೋಡಿ. ಬೆಳ್ಳಗೆ ಉದ್ದ ಎಳೆ ಎಳೆಯಾಗಿ, ಹಿಟ್ಟು ತಿಗಣೆಗಿಂತ ದೊಡ್ಡದಾಗಿ, ಬೇಗ ಬೇಗ ಓಡಾಡುವುದು ಕಂಡರೆ ಅದನ್ನು ಕೊಲ್ಲಬೇಡಿ! ಅದು ಕ್ರಿಪ್ಟೊಲೀಮಸ್ ಜೀರುಂಡೆಯ ಮರಿ, ಹಿಟ್ಟು ತಿಗಣೆಯನ್ನು ತಿನ್ನುವುದು. ನೋಡಲು ಎರಡೂ ಒಂದೇ ತರಹ ಬಿಳಿ, ಹಾಗಾಗಿ ಜನ ಮೋಸಹೋಗುತ್ತಾರೆ. 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದದ್ದು ಅದನ್ನು. ಕಾಫಿಯ ಹಸಿರು ಶಲ್ಕ ಕೀಟಕ್ಕೆ ಅಂತ ತಂದರು, ಹಿಟ್ಟು ತಿಗಣೆಗೇ ಚೆನ್ನಾಗಿ ಕೆಲಸ ಮಾಡಿತು. ಅದು ಇದ್ದರೆ ಬೇವಿನೆಣ್ಣೆಯನ್ನೂ ಹೊಡೆಯಬೇಡಿ.

ಮಂಜಿನಮನೆ

ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ಇವೆ ಅಣ್ಣ! ಓಡಾಡುವುದು ನಾಲ್ಕೈದು ಇವೆ. ಬ್ರಷ್ ಒಳಗಿಟ್ಟೆ.

ಬೇಲಿಹೂ, ಪೊನ್ನಂಪೇಟೆ

ಕಿತ್ತಳೆಯ ತುದಿ ಹಸಿರು ಅಂದೆಯಲ್ಲ, ಅದನ್ನು ಉಳಿಸಬಹುದು. ಮೊದಲ ದಿನ ಕೇಳಿದ್ದೆ ನೋಡು, ಅತ್ತೆಯ ಕೆಂಪಿಗೆ ಏನೂ ಆಗುವುದಿಲ್ಲ ಯಾಕೆ ಅಂತ. ಅದರ ಬೇರು ನಮ್ಮ ನೆಲಕ್ಕೆ, ಮಳೆಗೆ ಹೊಂದಿಕೊಂಡಿದೆ. ಹೈಬ್ರಿಡ್‌ನಲ್ಲಿ ಹೂವಿನ ಅಂದ ನೋಡಿ ಆರಿಸಿರುತ್ತಾರೆ, ಎಷ್ಟೋ ಜಾತಿಗೆ ಬೇರು ದುರ್ಬಲ. ಹಾಗಾದರೆ ಕೆಂಪಿನ ಬೇರಿನ ಮೇಲೆ ಕಿತ್ತಳೆಯನ್ನು ಕೂರಿಸು.

ಕೆಂಪು ದಾಸವಾಳದ ಪೆನ್ಸಿಲ್ ದಪ್ಪದ ಕಡ್ಡಿ, ಆರಿಂಚು ಉದ್ದ, ಕಾಫಿ ಸಸಿ ಮಾಡುವ ಚೀಲದಲ್ಲಿ ಮಣ್ಣು ಮರಳು ತುಂಬಿ ನೆಡು. ಹತ್ತು ನೆಡು, ಏಳಾದರೂ ಬರುತ್ತದೆ. ಅದು ಬೇರು ಬಿಟ್ಟು ಗಟ್ಟಿಯಾಗುವವರೆಗೆ ಕಿತ್ತಳೆ ಕಾಯುವುದಿಲ್ಲ. ಅದಕ್ಕೆ ಈಗಲೇ ಬೇಲಿಯ ಗಿಡದ ಒಂದು ಕೊಂಬೆಯ ಮೇಲೇ ಬೆಣೆ ಕಸಿ ಮಾಡು. ಕೊಂಬೆ ಕತ್ತರಿಸಿ ನಡುವೆ ಒಂದು ಇಂಚು ಸೀಳು. ಕಿತ್ತಳೆಯ ತುದಿಯನ್ನು ಬೆಣೆಯ ಹಾಗೆ ಎರಡೂ ಕಡೆ ಹೆರೆದು ಒಳಗೆ ಇಳಿಸು. ಒಂದು ಬದಿಯಲ್ಲಾದರೂ ಸಿಪ್ಪೆಗೆ ಸಿಪ್ಪೆ ಸರಿಯಾಗಿ ಕೂಡಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಒಂದು ಕವರ್ ಮುಚ್ಚಿ ಕಟ್ಟು. ಮೂರು ವಾರ ಬಿಚ್ಚಬೇಡ.

ಟೆರೇಸ್ ಗಾರ್ಡನ್, ಕುಶಾಲನಗರ

ನಾಲ್ಕೈದು ಕಡೆ ಮಾಡಿ ಅಕ್ಕ. ಒಂದೇ ಮಾಡಿ ಅದು ಹೋದರೆ ಮತ್ತೆ ತುದಿ ಸಿಗುವುದಿಲ್ಲ. ಕವರಿಗೆ ನೇರ ಬಿಸಿಲು ಬೀಳದ ಹಾಗೆ ಕಾಗದ ಸುತ್ತಿ.

ಮಂಜಿನಮನೆ

ನಾಲ್ಕು ತುದಿ ಸಿಕ್ಕಿತು, ನಾಲ್ಕೂ ಕಟ್ಟಿದೆ. ಅತ್ತೆ ಕೊಡೆ ಹಿಡಿದುಕೊಂಡು ನಿಂತಿದ್ದರು.

ಹೊಸಚಿಗುರು, ಸೋಮವಾರಪೇಟೆ

ಏನಾಯಿತು ಅಂತ ಖಂಡಿತ ಬರೆಯಿರಿ. ನನಗೂ ಕಲಿಯಬೇಕು. ಅಂದ ಹಾಗೆ ದಾಸವಾಳದ ಎಲೆಯ ಗೊಂಪು (ಲೋಳೆ) ತಲೆಗೆ ಹಾಕುವವರು ಹೈಬ್ರಿಡ್ ಎಲೆ ಹಾಕಬಹುದಾ?

ಬೇಲಿಹೂ, ಪೊನ್ನಂಪೇಟೆ

ನಾಟಿ ಕೆಂಪು ಅಥವಾ ಬಿಳಿಯದ್ದೇ ಹಾಕು. ನರ್ಸರಿ ಗಿಡಕ್ಕೆ ಏನು ಹೊಡೆದಿರುತ್ತಾರೋ ಗೊತ್ತಿರುವುದಿಲ್ಲ ಅಲ್ವಾ.

ಮಂಜಿನಮನೆ (ಅಕ್ಟೋಬರ್ 19)

ನಾಲ್ಕರಲ್ಲಿ ಎರಡು ಕಪ್ಪಾಗಿ ಹೋದವು. ಎರಡು ಹಿಡಿದಿವೆ! ಒಂದರಲ್ಲಿ ಎರಡು ಎಲೆ, ಇನ್ನೊಂದರಲ್ಲಿ ಚಿಗುರಿನ ಮೊನೆ. ನೆಲದ ಕಿತ್ತಳೆ ಗಿಡ ಪೂರ್ತಿ ಸತ್ತಿದೆ, ಇನ್ನು ಅದು ಇರುವುದು ಬೇಲಿಯಲ್ಲಿ ಮಾತ್ರ. ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗಿ ಬಂದ ಮಾರನೇ ದಿನ ಕವರ್ ಬಿಚ್ಚಿದೆ, ಬೇಲಿಹೂ ಅಕ್ಕ. ಕೆಂಪು ಕಡ್ಡಿ ಹತ್ತು ನೆಟ್ಟಿದ್ದರಲ್ಲಿ ಎಂಟು ಚಿಗುರಿವೆ. ಉಳಿದ ಹಳದಿ, ಬಿಳಿ, ಗುಲಾಬಿ ಎಲ್ಲವನ್ನೂ ಮುಂದಿನ ಮಳೆಗೆ ಮೊದಲು ಅದರ ಮೇಲೆ ಕೂರಿಸಬೇಕು ಅಂತಿದ್ದೇನೆ. ಯಾವ ತಿಂಗಳು ಒಳ್ಳೆಯದು?

ಬೇಲಿಹೂ, ಪೊನ್ನಂಪೇಟೆ

ಹೂ ಮಳೆ ಆದ ಮೇಲೆ, ಮಾರ್ಚ್ ನಡುವೆ. ಅಷ್ಟರಲ್ಲಿ ಕಡ್ಡಿಯೂ ಬೇರು ಬಿಟ್ಟು ಗಟ್ಟಿಯಾಗಿರುತ್ತದೆ. ನಾನೇ ಒಂದು ದಿನ ಬಂದು ಕಟ್ಟಿಕೊಡುತ್ತೇನೆ, ತೋಕ್‌ಪೂ ಬೀಜ ತೆಗೆದಿಡು.